ವರದಿಗಾರನ ಹಿಂದೆ ಕಾಣುವ ಊರು

ಅಮೆರಿಕಕ್ಕೆ ಹೊರಡುವ ಮೊದಲು ಅವ್ವ ಕೇಳಿದ್ದು ಎರಡೇ ಪ್ರಶ್ನೆ. ವಿಮಾನದಲ್ಲಿ ಮಜ್ಜಿಗೆ ಕೊಡ್ತಾರಾ ಅನ್ನೋದು ಒಂದು. "ಅಲ್ಲಿ ನಮ್ ಟೀವಿ ಬತ್ತದೇನ್ಲಾ?" ಅನ್ನೋದು ಇನ್ನೊಂದು.

ತಂಗಿ ಇರುವುದು ಡಲ್ಲಾಸ್ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅವ್ವ ಮಂಡ್ಯದ ಮನೆಯನ್ನು ಬಾಡಿಗೆಗೆ ಕೊಟ್ಟು ಮೈಸೂರಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. 2024ರ ಮೇ ತಿಂಗಳಲ್ಲಿ ಮಗಳ ಮನೆ ನೋಡಿಕೊಂಡು ಬರುತ್ತೇನೆ ಅಂತ ಆರು ತಿಂಗಳಿಗೆ ಹೊರಟಳು. ಬತ್ತದೆ ಕಣವ್ವ, ಈಗ ಎಲ್ಲಾ ಕಡೆ ಎಲ್ಲಾ ಬತ್ತದೆ ಅಂದೆ. ಅವಳಿಗೆ ಅಷ್ಟು ಸಾಕಾಯಿತು. ನನಗೆ ಮಾತ್ರ ಹನ್ನೆರಡು ವರ್ಷದ ಹಿಂದಿನದೆಲ್ಲ ನೆನಪಿಗೆ ಬಂತು. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಪರದೇಶದಲ್ಲಿ ಆರು ತಿಂಗಳು ಕೂತಿದ್ದೆ.

ನಾನು ಕೆಲಸ ಮಾಡುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಹೊಸ ಮೆಷಿನ್ ಬರುವುದಿತ್ತು. ನಡೆಸುವುದು ಕಲಿತುಕೊಂಡು ಬಾ ಅಂತ 2012ರ ಜೂನ್‌ನಲ್ಲಿ ನನ್ನನ್ನು ಜರ್ಮನಿಗೆ ಕಳಿಸಿದರು. ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್ ಅನ್ನುವ ಊರು. ನೆಕ್ಕರ್ ನದಿ ದಂಡೆ, ಗುಡ್ಡದ ಮೇಲೆ ದ್ರಾಕ್ಷಿ ತೋಟ. ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ರೂಮಿನಲ್ಲಿ ಒಂದು ಟೀವಿಯೂ ಇತ್ತು. ಭಾಷೆ ಗೊತ್ತಿಲ್ಲದಿದ್ದರೂ ಮೊದಮೊದಲು ಹಾಕಿಕೊಂಡು ಕೂರುತ್ತಿದ್ದೆ. ಮೂರು ವಾರ ಕಳೆಯುವ ಹೊತ್ತಿಗೆ ಆ ಸದ್ದು ಬೇಡವಾಯಿತು.

ಹಾಗಾದರೆ ಬೇಕಾಗಿದ್ದೇನು? ಸೀರಿಯಲ್ ನೋಡುವ ಅಭ್ಯಾಸ ನನಗಿಲ್ಲ. ಸಿನಿಮಾಗಳನ್ನು ಲ್ಯಾಪ್‌ಟಾಪಿಗೆ ತುಂಬಿಸಿಕೊಂಡೇ ಹೋಗಿದ್ದೆ. ಆದರೂ ಸಂಜೆ ರೂಮಿಗೆ ಬಂದು ಅನ್ನಕ್ಕಿಟ್ಟು ನಿಂತರೆ ಏನೋ ಕಮ್ಮಿ ಅನ್ನಿಸುತ್ತಿತ್ತು. ಯೋಚನೆ ಮಾಡುತ್ತಾ ಹೋದ ಹಾಗೆ ಗೊತ್ತಾಯಿತು. ನಮ್ಮ ಮಂಡ್ಯದ ಮನೆಯ ನಡುಮನೆಯಲ್ಲಿ ಟೀವಿಯನ್ನು ಯಾರೂ ಗಮನ ಕೊಟ್ಟು ನೋಡುತ್ತಿರಲಿಲ್ಲ. ಅವ್ವ ಸೊಪ್ಪು ಬಿಡಿಸುತ್ತಾ ಅರ್ಧ ನೋಡುತ್ತಾಳೆ, ಅಪ್ಪ ಪೇಪರ್ ಹಿಡಿದುಕೊಂಡು ಅರ್ಧ ಕೇಳುತ್ತಾರೆ, ನಾನು ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದರೆ ಒಂಬತ್ತು ಗಂಟೆಯ ವಾರ್ತೆ ಗೋಡೆ ದಾಟಿ ಬರುತ್ತದೆ, ಅರ್ಧಂಬರ್ಧ, ನಡುವೆ ಕುಕ್ಕರ್ ಕೂಗು. ಗೋಡೆ ದಾಟಿ ಬರುವ ಆ ಕನ್ನಡ ಬೇಕಾಗಿತ್ತು ನನಗೆ.

ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಟರ್ಕಿಯಿಂದ ಬಂದು ನೆಲೆಸಿದ ಹಿರಿಯರೊಬ್ಬರಿದ್ದರು. ಎಪ್ಪತ್ತರ ದಶಕದ ಶುರುವಿನಲ್ಲಿ ಕಾರ್ಖಾನೆ ಕೆಲಸಕ್ಕೆ ಅಂತ ಬಂದವರು. 1961ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದ ಆದ ಮೇಲೆ ಹಾಗೆ ಬಂದವರು ಲಕ್ಷಾಂತರ ಜನ. ಅವರ ಬಾಲ್ಕನಿಯಲ್ಲಿ ಹೂಕುಂಡಗಳ ಪಕ್ಕ ಒಂದು ಡಿಶ್. ಸಂಜೆ ಅವರ ಬಾಗಿಲು ದಾಟಿ ಮೆಟ್ಟಿಲು ಹತ್ತುವಾಗ ಒಳಗಿನಿಂದ ಟರ್ಕಿಯ ವಾರ್ತೆ ಕೇಳಿಸುತ್ತಿತ್ತು. ಒಂದು ದಿನ ಅವರೇ ನಿಲ್ಲಿಸಿ, ನಿಮ್ಮ ದೇಶದ ಉಪಗ್ರಹ ಯಾವ ಕಡೆಗಿದೆ ಅಂತ ಕೇಳಿದರು. ಒಂದು ಡಿಶ್ ಹಾಕಿಸಿಕೋ, ನಾನೇ ತಿರುಗಿಸಿ ಕೊಡುತ್ತೇನೆ ಅಂದರು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ.

ಆದರೆ ಅದು ಅಷ್ಟು ಸುಲಭವಲ್ಲ. ಟೀವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುತ್ತವೆ. ಅಲ್ಲಿಂದ ಕೆಳಗೆ ಬರುವ ಸಿಗ್ನಲ್ ಟಾರ್ಚ್ ಬಿಟ್ಟ ಹಾಗೆ, ಬೆಳಕು ಎಲ್ಲಿಗೆ ಬೀಳಬೇಕೋ ಅಲ್ಲಿಗೇ ಬೀಳುತ್ತದೆ. ಟರ್ಕಿಯ ಉಪಗ್ರಹದ ಟಾರ್ಚು ಯುರೋಪಿನ ಮೇಲೂ ಬೀಳುತ್ತದೆ, ಅಲ್ಲಿ ಅವರ ಜನ ಅಷ್ಟಿದ್ದಾರೆ. ನಮ್ಮ ಮನೆಗಳಿಗೆ ಕನ್ನಡ ಚಾನೆಲ್ ತರುವ ಟಾರ್ಚನ್ನು ಹಿಡಿದಿರುವುದು ನಮ್ಮ ದೇಶದ ಮೇಲೆ. ಎಸ್ಲಿಂಗನ್‌ನಲ್ಲಿ ಎಷ್ಟು ದೊಡ್ಡ ಡಿಶ್ ಇಟ್ಟುಕೊಂಡು ಕೂತರೂ ಕತ್ತಲೆಯೇ.

ಆ ಹಿರಿಯರಿಂದಲೇ ಇನ್ನೊಂದು ವಿಷಯ ತಿಳಿಯಿತು, ಆಮೇಲೆ ಓದಿ ಖಚಿತ ಮಾಡಿಕೊಂಡೆ. ಬಾಡಿಗೆದಾರರು ಡಿಶ್ ಹಾಕುವುದಕ್ಕೆ ಮನೆ ಮಾಲೀಕರು ಒಪ್ಪದೆ ಅಲ್ಲಿ ಎಷ್ಟೋ ಜಗಳ ನಡೆದಿತ್ತು. ಟರ್ಕಿಯ ಬಾಡಿಗೆದಾರರೊಬ್ಬರ ಮೊಕದ್ದಮೆ ಜರ್ಮನಿಯ ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು. 1994ರ ಫೆಬ್ರವರಿಯಲ್ಲಿ ತೀರ್ಪು ಬಂತು. ಪರದೇಶದಿಂದ ಬಂದು ನೆಲೆಸಿದವರು ತಮ್ಮ ದೇಶದ ಸುದ್ದಿ ತಿಳಿಯುವುದಕ್ಕೆ, ತಮ್ಮ ಭಾಷೆಯ ಜೊತೆ, ಸಂಸ್ಕೃತಿಯ ಜೊತೆ ನಂಟು ಉಳಿಸಿಕೊಳ್ಳುವುದಕ್ಕೆ ಊರಿನ ಕಾರ್ಯಕ್ರಮ ನೋಡಬೇಕು ಅನ್ನುವುದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ, ಮಾಲೀಕನ ಹಕ್ಕಿನ ಜೊತೆ ಅದನ್ನೂ ತೂಗಿ ನೋಡಬೇಕು ಅಂತ. ನನಗೆ ಇದು ತುಂಬಾ ದೊಡ್ಡ ಮಾತು ಅನ್ನಿಸಿತು. ಊರಿನ ಟೀವಿ ಬೇಕು ಅನ್ನುವುದು ಹೊತ್ತು ಹೋಗದವರ ಚಪಲ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಒಂದು ದೇಶದ ಅತಿ ದೊಡ್ಡ ನ್ಯಾಯಾಲಯ ಅದನ್ನು ಮನುಷ್ಯನ ಹಕ್ಕು ಅಂತ ನೋಡಿದೆಯಲ್ಲ.

ನನ್ನ ದಾರಿ ಬೇರೆ ಕಡೆಯಿಂದ ತೆರೆಯಿತು. ಅಮೆರಿಕದಿಂದ ಬಂದಿದ್ದ ಸ್ನೇಹಿತನ ಹತ್ತಿರ ಸ್ಲಿಂಗ್‌ಬಾಕ್ಸ್ ಅನ್ನುವ ಒಂದು ಪೆಟ್ಟಿಗೆ ಇತ್ತು. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಕ್ರಿಕೋರಿಯನ್ ಅನ್ನುವ ಅಣ್ಣತಮ್ಮಂದಿರು, ಊರು ಬಿಟ್ಟು ಹೋದಾಗ ತಮ್ಮ ಊರಿನ ಬೇಸ್‌ಬಾಲ್ ತಂಡದ ಆಟ ನೋಡಲು ಆಗುತ್ತಿಲ್ಲವಲ್ಲ ಅಂತ ಮಾಡಿದ್ದು ಅದು. 2005ರಲ್ಲಿ ಮಾರುಕಟ್ಟೆಗೆ ಬಂತು. ಕೆಲಸ ಸರಳ. ಮನೆಯ ಸೆಟ್‌ಟಾಪ್ ಬಾಕ್ಸಿನ ಹಳದಿ, ಕೆಂಪು, ಬಿಳಿ ವೈರನ್ನು ಈ ಪೆಟ್ಟಿಗೆಗೆ ಚುಚ್ಚಿದರೆ, ಮನೆ ಟೀವಿಯಲ್ಲಿ ಬರುವ ಚಿತ್ರವನ್ನು ಅದು ಇಂಟರ್‌ನೆಟ್ ಮೂಲಕ ನೀವಿರುವ ಕಡೆಗೆ ಕಳಿಸುತ್ತದೆ. ಜೊತೆಗೆ ತುದಿಯಲ್ಲಿ ಪುಟ್ಟ ಬಲ್ಬಿನ ಹಾಗಿರುವ ಒಂದು ವೈರು. ಅದನ್ನು ಸೆಟ್‌ಟಾಪ್ ಬಾಕ್ಸಿನ ಮುಂದೆ ಟೇಪ್ ಹಾಕಿ ಅಂಟಿಸಬೇಕು. ದೂರದಲ್ಲಿ ಕೂತು ನೀವು ಚಾನೆಲ್ ಒತ್ತಿದರೆ ಆ ವೈರು ಇಲ್ಲಿ ರಿಮೋಟಿನ ಕೆಲಸ ಮಾಡುತ್ತದೆ.

ಚಿಕ್ಕಪ್ಪನ ಮಗ ಮಂಡ್ಯದ ಮನೆಗೆ ಹೋಗಿ ಎಲ್ಲಾ ಜೋಡಿಸಿಕೊಟ್ಟ. ಆಗಸ್ಟ್ ತಿಂಗಳ ಒಂದು ಭಾನುವಾರ. ಮೊದಲು ಬಂದದ್ದು ಬರೀ ಸದ್ದು, ಯಾವುದೋ ಅಡುಗೆ ಕಾರ್ಯಕ್ರಮದ ಒಗ್ಗರಣೆ ಚಟಪಟ. ಆಮೇಲೆ ಚಿತ್ರ ಬಂತು. ಚೌಕಾಬಾರದ ಮನೆಗಳ ಹಾಗೆ ಚೌಕ ಚೌಕವಾಗಿ ಒಡೆದುಕೊಂಡು, ನಿಂತು, ಮತ್ತೆ ಓಡಿ. ಆಗ ನಮ್ಮ ದೇಶದಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗ ಇದ್ದರೂ ಅದನ್ನು ಬ್ರಾಡ್‌ಬ್ಯಾಂಡ್ ಅಂತಲೇ ಕರೆಯುತ್ತಿದ್ದರು. ನೋಡುವವನು ಜರ್ಮನಿಯಲ್ಲಿ ಎಷ್ಟು ವೇಗದ ಇಂಟರ್‌ನೆಟ್ ಇಟ್ಟುಕೊಂಡಿದ್ದರೂ ಪ್ರಯೋಜನವಿಲ್ಲ, ಮಂಡ್ಯದಿಂದ ಹೊರಗೆ ಎಷ್ಟು ಕಳಿಸಲು ಆಗುತ್ತದೋ ಅಷ್ಟೇ ಚಿತ್ರ. ಕರೆಂಟ್ ಹೋದರೆ ಅದೂ ಇಲ್ಲ. ಹಾಗಿದ್ದರೂ ಆ ಮಸುಕು ಚಿತ್ರದ ಮುಂದೆ ನಾನು ಅವತ್ತು ಮೂರು ಗಂಟೆ ಕೂತಿದ್ದೆ, ಜಾಹೀರಾತನ್ನೂ ಬಿಡದೆ ನೋಡುತ್ತಾ.

ಮೊದಮೊದಲು ನಾನು ಏನು ಒತ್ತಿದರೂ ಚಾನೆಲ್ ಬದಲಾಗುತ್ತಿರಲಿಲ್ಲ. ವೈರು ಕೆಟ್ಟಿದೆ ಅಂದುಕೊಂಡೆ. ವಿಷಯ ಏನಪ್ಪಾ ಅಂದರೆ ಅವ್ವ ಟೀವಿ, ಸೆಟ್‌ಟಾಪ್ ಬಾಕ್ಸ್ ಎರಡಕ್ಕೂ ಸೇರಿಸಿ ಕ್ರೋಶಾದ ಒಂದು ಬಟ್ಟೆ ಹೊದಿಸುತ್ತಾಳೆ. ಅದರ ಅಂಚು ಸರಿಯಾಗಿ ಆ ವೈರಿನ ತುದಿಯ ಮುಂದೆ ಇಳಿದಿತ್ತು. ಬಟ್ಟೆ ಎತ್ತಿ ಮೇಲೆ ಮಡಚಿದ ಕೂಡಲೇ ಸರಿಹೋಯಿತು. ಸರಿಹೋಗಿದ್ದೇ ತಡ, ಅವ್ವನ ಫೋನ್ ಬಂತು.

"ಏನ್ಲಾ ಇದು, ಟೀವಿ ತಾನಾಗೇ ತಿರುಗ್ತಾ ಅದೆ!"

ಮನೆಯಲ್ಲಿ ಇದ್ದದ್ದು ಒಂದೇ ಸೆಟ್‌ಟಾಪ್ ಬಾಕ್ಸ್. ನಾನು ಎಸ್ಲಿಂಗನ್‌ನಲ್ಲಿ ವಾರ್ತೆ ಒತ್ತಿದರೆ ಮಂಡ್ಯದಲ್ಲೂ ವಾರ್ತೆಯೇ. ಅವ್ವ ಅಲ್ಲಿ ಸೀರಿಯಲ್ ಹಾಕಿದರೆ ನನ್ನ ಮುಂದೆಯೂ ಅದೇ. ಇನ್ನೊಂದು ವಿಚಿತ್ರ ಗಮನಿಸಿದೆ. ಚಿತ್ರ ಇಷ್ಟು ದೂರ ಬರುವಷ್ಟರಲ್ಲಿ ಹತ್ತು ಸೆಕೆಂಡಿನಷ್ಟು ತಡವಾಗುತ್ತಿತ್ತು. ಹಾಗಾಗಿ ನಾನು ಒತ್ತಿದ್ದು ನನಗಿಂತ ಮೊದಲು ಅವ್ವನಿಗೆ ಕಾಣುತ್ತಿತ್ತು.

ಒಂದು ಒಪ್ಪಂದ ಆಯಿತು. ರಾತ್ರಿ ಒಂಬತ್ತರವರೆಗೆ ರಿಮೋಟು ಅವ್ವನದು, ನಾನು ಮುಟ್ಟುವ ಹಾಗಿಲ್ಲ. ಒಂಬತ್ತಕ್ಕೆ ವಾರ್ತೆ, ಅದು ನನ್ನದು, ಅಪ್ಪನಿಗೂ ಅದೇ ಬೇಕು. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ಒಂಬತ್ತು ಗಂಟೆ ಅಂದರೆ ಅಲ್ಲಿ ಸಂಜೆ ಐದೂವರೆ. ಕೆಲಸ ಮುಗಿಸಿ ರೂಮಿಗೆ ಬಂದು ಬೂಟು ಬಿಚ್ಚುವ ಹೊತ್ತು. ಬಂದವನೇ ಲ್ಯಾಪ್‌ಟಾಪ್ ತೆರೆದು ಮೊದಲು ಚಾನೆಲ್ ಒತ್ತುತ್ತಿದ್ದೆ. ಅವ್ವ ಆಮೇಲೊಂದು ದಿನ ಹೇಳಿದಳು, ಟೀವಿ ತಾನಾಗೇ ವಾರ್ತೆಗೆ ತಿರುಗಿದರೆ ಅವಳು ಅಡುಗೆಮನೆಯಿಂದಲೇ ಅಪ್ಪನಿಗೆ ಕೂಗಿ ಹೇಳುತ್ತಿದ್ದಳಂತೆ, "ಮಗ ರೂಮಿಗ್ ಬಂದ ಕಣ್ರೀ" ಅಂತ. ಒಂದು ದಿನ ಬಸ್ ತಪ್ಪಿ ಬರುವುದು ಆರೂವರೆ ಆಗಿತ್ತು. ಅಷ್ಟು ಹೊತ್ತೂ ಸೀರಿಯಲ್ ಚಾನೆಲ್ಲೇ ಇಟ್ಟುಕೊಂಡು, ಅಪ್ಪ ಕೇಳಿದರೂ ವಾರ್ತೆ ಹಾಕಲು ಬಿಡದೆ, ಅದು ತಾನಾಗಿ ತಿರುಗಲಿ ಅಂತ ಕಾಯುತ್ತಾ ಕೂತಿದ್ದಳಂತೆ.

ಫೋನಿನಲ್ಲಿ ಮಾತಾಡುತ್ತಿದ್ದದ್ದು ವಾರಕ್ಕೆ ಎರಡು ಸಲ. ಊಟ ಆಯ್ತಾ, ಚಳಿ ಹೆಂಗದೆ, ಅಷ್ಟೇ. ಆದರೆ ದಿನಾ ಒಂಬತ್ತಕ್ಕೆ ನಾವು ಮೂವರೂ ಒಂದೇ ಚಿತ್ರದ ಮುಂದೆ ಕೂತಿರುತ್ತಿದ್ದೆವು, ಮಾತಿಲ್ಲದೆ, ಮನೆಯಲ್ಲಿ ಕೂರುತ್ತಿದ್ದ ಹಾಗೆಯೇ. ಕೆಲವು ದಿನ ಚಂದನದಲ್ಲಿ ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಬರುವ ಹೊತ್ತಿಗೆ ನಾನೇ ಅದಕ್ಕೆ ತಿರುಗಿಸುತ್ತಿದ್ದೆ. 2002ರಿಂದ ಬರುತ್ತಿರುವ ಕಾರ್ಯಕ್ರಮ, ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾರೆ. ಅಪ್ಪನಿಗೆ ಅದು ಅಚ್ಚುಮೆಚ್ಚು. ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಹೇಳಿಬಿಡುತ್ತಿದ್ದರು. ಆ ಪೆಟ್ಟಿಗೆ ಟೀವಿಯ ಸದ್ದು ಕಳಿಸುತ್ತಿತ್ತೇ ಹೊರತು ನಡುಮನೆಯ ಸದ್ದು ಕಳಿಸುತ್ತಿರಲಿಲ್ಲ. ಪ್ರಶ್ನೆ ಕೇಳಿ ಗಡಿಯಾರ ಓಡುವಾಗ ಅಪ್ಪ ಈಗ ಏನೋ ಹೇಳಿರುತ್ತಾರೆ ಅಂತ ನಾನು ಆ ಮೌನದಲ್ಲಿ ಕಿವಿ ಇಟ್ಟು ಕೂತಿರುತ್ತಿದ್ದೆ.

ಆ ವರ್ಷ ಕಾವೇರಿ ಗಲಾಟೆ. ಸೆಪ್ಟೆಂಬರ್ 19ಕ್ಕೆ ಕಾವೇರಿ ನದಿ ಪ್ರಾಧಿಕಾರ ದಿನಕ್ಕೆ 9,000 ಕ್ಯುಸೆಕ್ ನೀರು ಬಿಡಬೇಕು ಅಂತ ಹೇಳಿತು. ಮಂಡ್ಯ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಅಕ್ಟೋಬರ್ 6, ಶನಿವಾರ, ಕರ್ನಾಟಕ ಬಂದ್. ನನಗೂ ರಜ. ಬೆಳಗಿನಿಂದ ಲ್ಯಾಪ್‌ಟಾಪ್ ಮುಂದೆ. ಸಂಜಯ ಸರ್ಕಲ್, ಹೆದ್ದಾರಿ, ಟೈರು ಉರಿಯುವ ಹೊಗೆ, ಓಡುವ ಜನ. ಅದೇ ಹತ್ತು ಸೆಕೆಂಡಿನ ಚಿತ್ರವನ್ನು ಎಷ್ಟು ಸಲ ತೋರಿಸಿದರೋ. ಮನೆಯಲ್ಲಿ ಇದ್ದಿದ್ದರೆ ಅದೇ ಚಿತ್ರ ಮತ್ತೆ ಹಾಕುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಹೊರಗೆ ಹೋಗಿ ಬೀದಿ ನೋಡಿಕೊಂಡು ಬರಬಹುದು. ಅಷ್ಟು ದೂರದಲ್ಲಿ ಕೂತವನಿಗೆ ಊರು ಪೂರ್ತಿ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಗಾಬರಿಯಾಗಿ ಫೋನ್ ಮಾಡಿದರೆ ಅವ್ವ, "ಇಲ್ಲೇನೂ ಇಲ್ಲ ಕಣಪ್ಪ, ಹಾಲ್ ಬಂದಿತ್ತು, ನಿಮ್ಮಪ್ಪ ಧರಣಿ ತಾವ ಹೋಗವ್ರೆ, ಊಟುಕ್ ಬತ್ತಾರೆ" ಅಂದಳು. ವಾರ್ತೆ ಚಾನೆಲ್‌ಗಳ ಮೇಲೆ ನನಗಿರುವ ಬೇಸರ ಇದೊಂದೇ. ಹತ್ತಿರ ಇರುವವನು ಅವುಗಳ ಕೂಗಾಟದಲ್ಲಿ ಅರ್ಧ ಕಳೆದು ಲೆಕ್ಕ ಹಾಕಿಕೊಳ್ಳುತ್ತಾನೆ. ದೂರ ಇರುವವನಿಗೆ ಕಳೆಯಲು ಏನೂ ಇರುವುದಿಲ್ಲ, ಹೇಳಿದ್ದೆಲ್ಲ ನಿಜ ಅಂತ ಎದೆಗೆ ಬಡಿಯುತ್ತದೆ.

ಅವತ್ತೇ ಇನ್ನೊಂದು ಅರಿವಿಗೆ ಬಂತು. ಇಡೀ ದಿನ ನಾನು ವರದಿಗಾರನ ಮಾತು ಕೇಳಿದ್ದೇ ಕಮ್ಮಿ. ಅವನ ಹಿಂದೆ ನೋಡುತ್ತಿದ್ದೆ. ಅವನ ಎಡಗಡೆ ಭುಜದ ಮೇಲೆ ಒಂದು ಬೇಕರಿಯ ಅರ್ಧ ಮುಚ್ಚಿದ ಶಟರ್ ಕಾಣುತ್ತಿತ್ತು. ಪಿಯುಸಿ ಓದುವಾಗ ಟ್ಯೂಷನ್ ಮುಗಿಸಿ ನಾವು ದಿಲ್‌ಪಸಂದ್ ತಿನ್ನುತ್ತಿದ್ದ ಬೇಕರಿ. ಶಟರ್ ಕೆಳಗೆ ಯಾರೋ ಬಗ್ಗಿ ಒಳಗೆ ಹೋದರು. ಅಂಗಡಿಯವರು ಒಳಗಿದ್ದಾರೆ, ಒಲೆ ಹಚ್ಚಿದ್ದಾರೆ ಅಂತ ಗೊತ್ತಾಗಿ ಯಾಕೋ ಸಮಾಧಾನ ಆಯಿತು. ಕ್ಯಾಮೆರಾ ಆ ಕಡೆ ಇನ್ನೊಂದು ಸ್ವಲ್ಪ ತಿರುಗಬಾರದಾ ಅಂತ ಪರದೆಯ ಮೂಲೆಗೆ ಮುಖ ಇಟ್ಟು ನೋಡಿದ್ದೇನೆ. ಆಮೇಲೆ ಯಾವ ಕಾರ್ಯಕ್ರಮ ಹಾಕಿದರೂ ಅಷ್ಟೇ. ಮಂತ್ರಿ ಬಂದರೆ ಮಂತ್ರಿಯ ಹಿಂದಿನ ಹೊಂಗೆಮರ, ಅಪಘಾತದ ಸುದ್ದಿ ಬಂದರೆ ಆಚೆ ಗದ್ದೆಯಲ್ಲಿ ಕಬ್ಬು ಎಷ್ಟು ಎತ್ತರ ಬಂದಿದೆ ಅನ್ನುವುದು. ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ಬರುವವರೆಗೆ ಕಾಯುತ್ತಿದ್ದೆ. 124.80 ಅಡಿ ತುಂಬಿದ ಮಟ್ಟ ಅಂತ ಮಂಡ್ಯದ ಮಕ್ಕಳಿಗೂ ಬಾಯಿಪಾಠ.

ಅಕ್ಟೋಬರ್ 24ಕ್ಕೆ ವಿಜಯದಶಮಿ. ಅಷ್ಟು ವರ್ಷ ಅಂಬಾರಿ ಹೊತ್ತ ಬಲರಾಮನ ಬದಲು ಆ ವರ್ಷ ಅರ್ಜುನ. ನಮ್ಮ ಮಧ್ಯಾಹ್ನ ಅಂದರೆ ಅಲ್ಲಿ ಊಟದ ಬಿಡುವು. ಕ್ಯಾಂಟೀನಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅರಮನೆ ಮುಂದೆ 750 ಕೆಜಿ ಚಿನ್ನದ ಅಂಬಾರಿ ಹೊತ್ತು ಅರ್ಜುನ ಹೆಜ್ಜೆ ಇಡುವಾಗ ಚಿತ್ರ ಮತ್ತೆ ಚೌಕಾಬಾರ ಆಯಿತು. ಅಂಬಾರಿ ಒಂದು ಹಳದಿ ಚೌಕ, ಆನೆ ಒಂದು ಬೂದಿ ಚೌಕ. ಸಂಜೆ ಅವ್ವ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು, ಅರ್ಜುನನ ನಡಿಗೆ ಹೇಗಿತ್ತು, ಬಲರಾಮನಿಗೂ ಇವನಿಗೂ ಏನು ವ್ಯತ್ಯಾಸ ಅಂತ. ಆ ಚೌಕಗಳಿಗೆ ಬಣ್ಣ ತುಂಬಿದ್ದು ಅವಳು.

ನಾಲ್ಕು ದಿನ ಬಿಟ್ಟು, ಅಕ್ಟೋಬರ್ 28ಕ್ಕೆ, ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಚಳಿಗಾಲದ ಸಮಯ. ನಮ್ಮ ಒಂಬತ್ತು ಗಂಟೆ ಅಲ್ಲಿಗೆ ಸಂಜೆ ನಾಲ್ಕೂವರೆ ಆಗಿಬಿಟ್ಟಿತು, ನಾನಿನ್ನೂ ಮೆಷಿನ್ ಮುಂದೆ ಇರುವ ಹೊತ್ತು. ಮೂರು ತಿಂಗಳು ಮೂವರೂ ಕೂಡಿ ಕೂತಿದ್ದ ಗಂಟೆ ಕೈತಪ್ಪಿತು. ನಾನು ರೂಮಿಗೆ ಬರುವ ಹೊತ್ತಿಗೆ ಮಂಡ್ಯದಲ್ಲಿ ಹತ್ತು ದಾಟಿ, ಅಪ್ಪ ಅವ್ವ ಮಲಗಿರುತ್ತಿದ್ದರು. ಅವ್ವ ಟೀವಿ ಆರಿಸಿದರೂ ಸೆಟ್‌ಟಾಪ್ ಬಾಕ್ಸನ್ನು ನನಗೋಸ್ಕರ ಆರಿಸದೆ ಬಿಡುತ್ತಿದ್ದಳು. ಯಾವ ಚಾನೆಲ್ ಬೇಕಾದರೂ ನೋಡಬಹುದಿತ್ತು, ಕೇಳುವವರಿಲ್ಲ. ಒಂದು ವಾರ ನೋಡಿದೆ. ಆಮೇಲೆ ಪೆಟ್ಟಿಗೆ ತೆರೆಯುವುದೇ ಕಮ್ಮಿಯಾಯಿತು. ಅದೇ ಚಾನೆಲ್, ಅದೇ ಚಿತ್ರ, ಕತ್ತಲಾದ ನಡುಮನೆಯಿಂದ ಬರುತ್ತಿದೆ ಅಂತ ಗೊತ್ತಿದ್ದ ಮೇಲೆ ಕೂತು ನೋಡಲು ಆಗಲಿಲ್ಲ.

ಡಿಸೆಂಬರ್‌ನಲ್ಲಿ ವಾಪಸ್ ಬಂದೆ. ಸ್ಲಿಂಗ್‌ಬಾಕ್ಸಿನ ಸರ್ವರ್‌ಗಳನ್ನು 2022ರ ನವೆಂಬರ್ 9ಕ್ಕೆ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಅದರ ಅಗತ್ಯವೂ ಮುಗಿದಿತ್ತು. ನಮ್ಮದು ಈಗಲೂ ಅಟ್ಟದ ಮೇಲೆ ಇದೆ, ಟೇಪಿನ ಅಂಟು ಹಾಗೇ ಇದೆ.

ಈಗ ಅವ್ವನ ಸರದಿ. ಡಲ್ಲಾಸಿನಲ್ಲಿ ತಂಗಿಯ ಟೀವಿಗೆ ಒಂದು ಸಣ್ಣ ಕಡ್ಡಿ ಸಿಕ್ಕಿಸಿದ್ದಾರೆ, ಅದರಲ್ಲಿ ಎಲ್ಲಾ ಇದೆ. ವಾರ್ತೆ ಚಾನೆಲ್‌ಗಳು ಯೂಟ್ಯೂಬಿನಲ್ಲಿ ಪುಕ್ಕಟೆ. ಚಂದನವೂ ಸಿಗುತ್ತದೆ. ಸೀರಿಯಲ್‌ಗಳಿಗೆ ಮಾತ್ರ ಸ್ವಲ್ಪ ತಾಪತ್ರಯ, ಇಲ್ಲಿ ನಾವು ದುಡ್ಡು ಕಟ್ಟಿರುವ ಆ್ಯಪ್ ಅಲ್ಲಿ ತೆರೆದುಕೊಳ್ಳುವುದಿಲ್ಲ. ಕಾರ್ಯಕ್ರಮಗಳ ಹಕ್ಕನ್ನು ದೇಶ ದೇಶಕ್ಕೆ ಬೇರೆ ಬೇರೆ ಮಾರಿರುತ್ತಾರೆ. ನೀವು ಯಾವ ದೇಶದ ಇಂಟರ್‌ನೆಟ್ಟಿನಿಂದ ಬಂದಿದ್ದೀರಿ ಅಂತ ಆ್ಯಪ್ ಮೊದಲು ನೋಡುತ್ತದೆ, ಆಮೇಲೆ ಬಾಗಿಲು ತೆಗೆಯುತ್ತದೆ ಇಲ್ಲವೇ ಮುಚ್ಚುತ್ತದೆ. ಆಕಾಶದ ಟಾರ್ಚಿನ ಬದಲು ಈಗ ಬಾಗಿಲಲ್ಲಿ ನಿಂತು ವಿಳಾಸ ಕೇಳುವವನು. ತಂಗಿ ಅಲ್ಲಿನ ಲೆಕ್ಕದಲ್ಲಿ ಬೇರೆ ದುಡ್ಡು ಕಟ್ಟಿದಳು, ಬಂತು.

ಬಂತು, ಆದರೆ ಅವ್ವನದು ಒಂದು ಹಟ. ಅವಳ ಸೀರಿಯಲ್ ಇಲ್ಲಿ ಸಂಜೆ ಏಳೂವರೆಗೆ. ಬೇಸಿಗೆಯಲ್ಲಿ ಡಲ್ಲಾಸ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಹಾಗಾಗಿ ಅಲ್ಲಿ ಬೆಳಿಗ್ಗೆ ಒಂಬತ್ತು. ತಂಗಿ ಆಫೀಸಿನ ಮೀಟಿಂಗ್‌ನಲ್ಲಿರುವ ಹೊತ್ತು, ಟೀವಿ ಸದ್ದು ಕಷ್ಟ. ರಾತ್ರಿ ನಿಧಾನಕ್ಕೆ ನೋಡವ್ವ, ಎಪಿಸೋಡ್ ಎಲ್ಲೂ ಹೋಗಲ್ಲ ಅಂತ ತಂಗಿ ಹೇಳಿ ಹೇಳಿ ಸಾಕಾದಳು. ಅವ್ವ ಒಪ್ಪಲಿಲ್ಲ. "ಎಲ್ಲಾರೂ ನೋಡಿ ಮುಗ್ಸಿದ್ ಮ್ಯಾಲೆ ನಾನೊಬ್ಳೇ ನೋಡೋದಾ? ನಮ್ ಎದುರುಮನೆ ಅಕ್ಕ ಈಗ ನೋಡ್ತಾ ಕುಂತಿರ್ತಾಳೆ" ಅಂದಳು. ಕೊನೆಗೆ ತಂಗಿ ಹೆಡ್‌ಫೋನ್ ತಂದುಕೊಟ್ಟಳು. ಅವ್ವ ದಿನಾ ಒಂಬತ್ತಕ್ಕೆ ಸ್ನಾನ ಮುಗಿಸಿ, ಕುಂಕುಮ ಇಟ್ಟುಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. ಇಲ್ಲಿ ನನ್ನ ಹೆಂಡತಿಗೆ ಒಂದು ಮೆಸೇಜು, ಬೆರಳು ಒತ್ತಿ ಮಾತಾಡಿ ಕಳಿಸಿದ್ದು: "ಹಾಕಿದ್ಯಾ ಮಗ?" ಸೀರಿಯಲ್ ನೋಡದ ನನ್ನ ಹೆಂಡತಿ ಆ ಐದು ತಿಂಗಳು ಏಳೂವರೆಗೆ ಟೀವಿ ಹಾಕಿಟ್ಟಳು.

ಯಾವಾಗ ಬೇಕಾದರೂ ನೋಡಬಹುದು ಅನ್ನುವುದನ್ನು ದೊಡ್ಡ ಸೌಲಭ್ಯ ಅಂತಾರೆ. ನಿಜ, ಊರಲ್ಲಿರುವವರಿಗೆ ಸೌಲಭ್ಯವೇ. ದೂರ ಇರುವವರಿಗೆ ಬೇಕಾಗಿರುವುದು ಊರಿನ ಹೊತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದರಲ್ಲ, ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೇ ಅಲ್ಲಿಂದ. ಆ ಸಣ್ಣ ನಿಲಯದ ಸುತ್ತ ಕೂತು ಕೇಳಿದವರಿಗೆ ಹಾಡಿನಷ್ಟೇ ಖುಷಿ ಕೊಟ್ಟಿರಬಹುದಾದ ಇನ್ನೊಂದು ವಿಷಯ, ಆಚೆ ಬೀದಿಯವರೂ ಇದೇ ಹಾಡನ್ನು ಇದೇ ಗಳಿಗೆಯಲ್ಲಿ ಕೇಳುತ್ತಿದ್ದಾರೆ ಅನ್ನುವುದು. ಅವ್ವನ ಹಟದಲ್ಲಿ ನನಗೆ ಕಂಡದ್ದು ಅದೇ.

ಆದರೂ ‘ಇದೇ ಗಳಿಗೆ’ ಪೂರ್ತಿ ಇದೇ ಗಳಿಗೆ ಆಗುವುದಿಲ್ಲ. ಜೂನ್ 29ರ ರಾತ್ರಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ಇಲ್ಲಿ ಕುವೆಂಪುನಗರದ ಮನೆಯಲ್ಲಿ ನಾವು ಡಿಶ್ಶಿನ ಟೀವಿಯಲ್ಲಿ, ಅಲ್ಲಿ ಅವರು ಇಂಟರ್‌ನೆಟ್ಟಿನಲ್ಲಿ, ನಡುವೆ ಫೋನು ಸ್ಪೀಕರ್‌ನಲ್ಲಿ. ಕೊನೆಯ ಓವರಿನ ಮೊದಲ ಚೆಂಡಿಗೆ ಬೌಂಡರಿ ಗೆರೆಯ ಮೇಲೆ ಸೂರ್ಯಕುಮಾರ್ ಯಾದವ್ ಮಿಲ್ಲರ್ ಹೊಡೆದದ್ದನ್ನು ಹಿಡಿದಾಗ ನಮ್ಮ ಬೀದಿಯೇ ಕಿರುಚಿತು. ಅಲ್ಲಿ ಇನ್ನೂ ಹಾರ್ದಿಕ್ ಪಾಂಡ್ಯ ಓಡಿ ಬರುತ್ತಿದ್ದ. ಇಂಟರ್‌ನೆಟ್ಟಿನಲ್ಲಿ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ, ನಾಲ್ಕಾರು ತುಂಡು ಕೂಡಿದ ಮೇಲೆ ಟೀವಿ ತೋರಿಸಲು ಶುರು ಮಾಡುತ್ತದೆ, ಅದಕ್ಕೇ ಆ ತಡ. "ಯಾಕ್ಲಾ ಕಿರುಚ್ತಾ ಇದೀರಿ, ಏನಾಯ್ತು?" ಅಂತ ಅವ್ವ. ನಾವು ಬಾಯಿ ಮುಚ್ಚಿಕೊಂಡು ಕಾದೆವು. ಅರ್ಧ ನಿಮಿಷ ಆದ ಮೇಲೆ ಫೋನಿನ ಆ ಕಡೆಯಿಂದ ತಂಗಿಯ ಮನೆಯ ಕಿರುಚಾಟ ಬಂತು. ನನಗೆ ನೆನಪಾದದ್ದು ಎಸ್ಲಿಂಗನ್ನಿನ ಆ ಹತ್ತು ಸೆಕೆಂಡು, ನಾನು ಒತ್ತಿದ್ದನ್ನು ಅವ್ವ ಮೊದಲು ನೋಡುತ್ತಿದ್ದದ್ದು.

ಜುಲೈ ಬಂತು. 2023ರಲ್ಲಿ ಮಳೆ ಕೈಕೊಟ್ಟು ನಮ್ಮ ಕಡೆ ಗದ್ದೆಗಳು ಬೀಡು ಬಿದ್ದಿದ್ದವು. ಪಾಂಡವಪುರದ ಕಡೆ ನಮ್ಮದೂ ಒಂದಿಷ್ಟು ಗದ್ದೆ ಇದೆ, ವಿಶ್ವೇಶ್ವರಯ್ಯ ನಾಲೆಯ ನೀರು. ಅಮೆರಿಕದಲ್ಲಿ ಕೂತು ಅವ್ವ ದಿನಾ ಪರದೆಯ ಕೆಳಗಿನ ಸಾಲು ನೋಡುತ್ತಿದ್ದಳು, ಹನ್ನೆರಡು ವರ್ಷದ ಹಿಂದೆ ನಾನು ನೋಡುತ್ತಿದ್ದ ಹಾಗೆ. ನೂರು ದಾಟಿತು. ನೂರ ಹದಿನೈದು ಅಂದಳು. ತಿಂಗಳ ಕೊನೆಗೆ ಅಣೆಕಟ್ಟೆ ತುಂಬಿತು, 29ಕ್ಕೆ ಮುಖ್ಯಮಂತ್ರಿ ಬಾಗಿನ ಬಿಟ್ಟರು. ಎಲ್ಲಾ ಚಾನೆಲ್‌ನಲ್ಲೂ ಗೇಟಿನಿಂದ ಧುಮುಕುವ ಬಿಳೀ ನೀರು, ರಂಗನತಿಟ್ಟಿನಲ್ಲಿ ಮುಳುಗಿದ ಮರಗಳು. ಅವ್ವ ನೋಡಿದಳು. ಎಲ್ಲಾ ನೋಡಿ ಫೋನ್ ಮಾಡಿದಳು.

"ಹೊಳೆಗ್ ಬುಟ್ಟವ್ರೆ, ಕಂಡೆ. ನಮ್ ನಾಲೆಗ್ ಬುಟ್ರಾ?"

ಅದನ್ನು ಯಾವ ಚಾನೆಲ್ ತೋರಿಸುತ್ತದೆ? ಭಾನುವಾರ ಹೋಗಿ ನೋಡಿ ಹೇಳುತ್ತೇನೆ ಅಂದೆ. "ಹೇಳೋದಲ್ಲ ಮಗ, ತೋರ್ಸು" ಅಂದಳು.

ಆಗಸ್ಟ್ ಮೊದಲ ವಾರದ ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ನಾಲೆ ಏರಿಯ ಮೇಲೆ ಇದ್ದೆ. ಡಲ್ಲಾಸಿನಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ. ಮಲಗದೆ ಕಾಯುತ್ತಿದ್ದಳು. ನಾಲೆ ತುಂಬಾ ಕೆಂಪು ನೀರು, ತೂಬಿನ ಹತ್ತಿರ ಸುಳಿ ಸುತ್ತಿ ನಮ್ಮ ಕಾಲುವೆಗೆ ಇಳಿಯುತ್ತಿತ್ತು. ವೀಡಿಯೋ ಕಾಲ್ ಮಾಡಿ ನನ್ನ ಮುಖ ತೋರಿಸಿ, ನೋಡವ್ವ, ಬಿಟ್ಟಿದ್ದಾರೆ, ಮೊನ್ನೆಯಿಂದ ಬರ್ತಾ ಇದೆಯಂತೆ ಅಂತ ಹೇಳುತ್ತಾ ಹೋದೆ. ಅವ್ವ ಒಂದು ಮಾತೂ ಆಡಲಿಲ್ಲ. ಸಿಗ್ನಲ್ ಹೋಯಿತೇನೋ ಅಂದುಕೊಂಡೆ. ಇಲ್ಲ, ಕನ್ನಡಕ ಮೇಲೆ ಸರಿಸಿಕೊಂಡು ಫೋನಿನ ಮೂಲೆಗೆ ಮುಖ ಇಟ್ಟು ನೋಡುತ್ತಿದ್ದಳು.

"ನೀನ್ ಒಸಿ ಪಕ್ಕುಕ್ ಸರ್ಕೊ" ಅಂದಳು. "ನಿನ್ ಹಿಂದ್ಗಡೆ ನಾಟಿ ಹಾಕ್ತಾವ್ರಲ್ಲ, ಅದ್ಯಾರ್ಲಾ?"